ಮೂವತ್ಮೂರು ಚಿಲ್ಲರೆ

ಈ ಊರಿನ ಹೆಸರು ದೋಣಿ. ಊಚ್ ಅಂದರೆ ಅದೇ ಅರ್ಥ.
ಇದ್ದ ಹೊಳೆಗಳನ್ನೆಲ್ಲ ಗಿರಣಿಯವರು
ನೆಲದೊಳಗಿನ ಕೊಳವೆಗೆ ತುರುಕಿದ್ದಾರೆ.
ನೀರಿಲ್ಲದ ದೋಣಿಯಲ್ಲಿ ಒಂದು ಶನಿವಾರ
ನಾನೂ ಗೆನೊವೆಫಾ ಚಿಕ್ಕಮ್ಮನೂ
ರೆಕಾರ್ಡು ತಿರುಗಿಸುವ ಪೆಟ್ಟಿಗೆ ಕೊಳ್ಳಲು ಹೊರಟೆವು.

ಮೊದಲನೆಯ ಅಂಗಡಿಗೆ ಆಗಷ್ಟೇ ಕೊಯ್ದ ಮರದ ವಾಸನೆ.
ಬಿದಿರಿನ ಮೈ, ಕಾರ್ಕಿನ ಹಾಸು,
ಕಡಲಿಂದ ಎತ್ತಿದ ಮೀನುಬಲೆ ಕರಗಿಸಿ ಎರೆದ ತಟ್ಟೆ.
ಅಂಟಿಲ್ಲ, ಎಲ್ಲಾ ಸ್ಕ್ರೂ. ಬಿಚ್ಚಿ ಜೋಡಿಸಬಹುದಂತೆ.
ಮಾರುವ ಹುಡುಗಿ ಇಡಾಲಿಯಾ, ಉಗುರಿಗೆ ಪಾಚಿ ಬಣ್ಣ,
"ಇದರ ಇಂಗಾಲದ ಲೆಕ್ಕ ರಸೀದಿಯಲ್ಲೇ ಬರುತ್ತದೆ" ಅಂದಳು,
ಮೇಲೆ ಕೊಸರಿಗೆಂದು, ಎಲ್ಲೋ ಒಂದು ಸಸಿ.
ಚಿಕ್ಕಮ್ಮ ತಿರುಗುವ ತಟ್ಟೆಗೆ ಮೂಗು ತಾಗುವಷ್ಟು ಬಾಗಿ
"ಚುಕ್ಕಿಗಳೆಲ್ಲಿ?" ಅಂದಳು.
"ಬೇಕಿಲ್ಲ ಅಜ್ಜಿ, ಒಳಗಿನ ಚಿಪ್ ವೇಗ ನೋಡಿಕೊಳ್ಳುತ್ತದೆ."
ಕೇಳಿಸಲಿಲ್ಲ ಅವಳಿಗೆ. ನಾನು ಕೈಸನ್ನೆಯಲ್ಲಿ ಹೇಳಿದೆ.
"ಹಾಗಾದರೆ ನಾವು ನೋಡುವುದೇನನ್ನು?"

ಎರಡನೆಯದು ಪ್ಯೋತ್ರ್‌ಕೋಫ್ಸ್ಕಾ ಬೀದಿಯ ಹಿಂದಿನ ಅಂಗಳದಲ್ಲಿ
ಆರು ಮೆಟ್ಟಿಲು ಕೆಳಗೆ, ವಿತೋಲ್ದನ ನೆಲಮಾಳಿಗೆ.
ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು.
ಹಳೆಯ ಪೆಟ್ಟಿಗೆಗಳು ಏಳು, ಒಂದರ ಮೇಲೊಂದು.
ಮುಟ್ಟಿದರೆ ಬೆಲ್ಟು ಬೆಲ್ಲದ ಪಾಕವಾಗಿ
ಬೆರಳಿಗೆ ಎಳೆಯೆಳೆಯಾಗಿ ಬಂತು.
"ಹೊಸತು ಹಾಕಿಕೊಡುವೆ. ಇಲ್ಲೇ ಹುಟ್ಟಿದ್ದು ಇವೆಲ್ಲ,
ಟ್ರಾಮಿನ ಎರಡು ನಿಲ್ದಾಣ ಆಚೆ."

ನಾನು ಲಕೋಟೆಯ ಬೆನ್ನಿನಲ್ಲಿ ಲೆಕ್ಕ ಬರೆದೆ.
ಬಿದಿರು ಹಡಗಿನಲ್ಲಿ ಬಂದದ್ದು.
ಹಳತು ಕುಡಿಯುವ ಕರೆಂಟು ಮೂರು ಪಟ್ಟು.
ಎರಡಕ್ಕೂ ಸೂಜಿ ಮಾತ್ರ ಜಪಾನಿನಿಂದ, ವಿಮಾನದಲ್ಲೇ.
ಕೂಡಿದರೆ ಎತ್ತು ಏರಿಗೆ, ಕಳೆದರೆ ಕೋಣ ನೀರಿಗೆ.

ಚಿಕ್ಕಮ್ಮನ ಕಿವಿಯನ್ನು ಮಗ್ಗದ ಮನೆ ತಿಂದಾಗ
ಅವಳಿಗೆ ಇಪ್ಪತ್ತೊಂಬತ್ತು.
ಕಣ್ಣಿದೆಯಲ್ಲ ಎಂದು ಈ ಪೆಟ್ಟಿಗೆಗಳ ಕಾರ್ಖಾನೆಗೆ ದಾಟಿಸಿದರು.
ತಟ್ಟೆಯಂಚಿನ ಚುಕ್ಕಿಗಳು ದೀಪದಡಿಯಲ್ಲಿ
ಮುಂದೆ ಹರಿದರೆ ಜೋರು, ಹಿಂದೆ ಹರಿದರೆ ನಿಧಾನ,
ತಟ್ಟೆ ತಿರುಗುತ್ತಲೇ ಅವು ನಿಂತಲ್ಲೇ ನಿಂತರೆ ಸರಿ:
ನಿಮಿಷಕ್ಕೆ ಮೂವತ್ಮೂರು ಸುತ್ತು, ಚಿಲ್ಲರೆ.
ಹತ್ತೊಂಬತ್ತು ವರ್ಷ
ಸ್ಕ್ರೂಡ್ರೈವರಿನ ತುದಿಯಿಂದ ಇರುವೆಸಾಲು ನಿಲ್ಲಿಸಿದಳು
ಒಂದು ಹಾಡೂ ಕೇಳದೆ.

ವಿತೋಲ್ದ್ ಎಲ್ಲಕ್ಕಿಂತ ಹೊಳೆಯುವುದನ್ನು ಮುಂದಿಟ್ಟ.
ಚಿಕ್ಕಮ್ಮ ಅದನ್ನು ಕೂಸಿನ ಹಾಗೆ ಮಗುಚಿ ಅಂಡು ನೋಡಿದಳು.
ಮುದ್ರೆ, ಇಪ್ಪತ್ತೇಳು. ತಾರೀಖು, ಮೂವತ್ತೊಂದು.
"ಇಪ್ಪತ್ತೇಳು ಅಂದರೆ ನಾನೇ," ಅಂದಳು. "ಇದು ಬೇಡ.
ತಿಂಗಳ ಕೊನೆ. ಗುರಿ ಮುಟ್ಟಿಸಬೇಕಿತ್ತು.
ಕಣ್ಣು ಮುಚ್ಚಿ ಒತ್ತಿದ್ದೇನೆ."
ವಿತೋಲ್ದನ ಮುಖ ಹುಳ್ಳಗಾಯಿತು.
ಒಂದೊಂದಾಗಿ ಮಗುಚಿದಳು. ಮೂವತ್ತು. ಇಪ್ಪತ್ತೊಂಬತ್ತು.
ಮತ್ತೆ ಮೂವತ್ತೊಂದು. ಥೂ, ಅಂದಳು ತನಗೇ.
ಎಲ್ಲಕ್ಕಿಂತ ಅಡಿಯದು, ಮುಚ್ಚಳ ಸೀಳಿದ್ದು, ಹನ್ನೆರಡು.
"ಇದಾದರೆ ನಿದ್ದೆ ಮಾಡಿ ಎದ್ದು ಮಾಡಿದ್ದು."
ಇನ್ನೂರ ನಲವತ್ತು ಜ್ಲೋಟಿ, ಬೆಲ್ಟು ಸೇರಿ.
ಬಿದಿರಿನದರ ಮೇಲೆ ನನಗಿನ್ನೂ ಆಸೆಯಿತ್ತು. ಹೇಳಲಿಲ್ಲ.

ಮನೆಯಲ್ಲಿ ಚುಕ್ಕಿಗಳು ಕಾಣಲೇ ಇಲ್ಲ, ಬರೀ ಬೂದು ಪಟ್ಟಿ.
ಕರೆಂಟು ಉಳಿಸುವ ದೀಪಗಳು ನನ್ನವು, ಕಣ್ಣು ಮಿಟುಕಿಸದವು.
"ಮಿಟುಕದ ಬೆಳಕಲ್ಲಿ ಇದು ಹೇಗೆ ನಿಂತೀತು" ಎಂದು ಬೈದು
ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟಳು,
ಹಿಂದೆ ನಾನು, ವೈರು ಬಿಚ್ಚುತ್ತ ಬಿಚ್ಚುತ್ತ,
ಮೆಟ್ಟಿಲುಗಳ ಬುಡಕ್ಕೆ, ಮೀಟರುಗಳ ಪಕ್ಕ
ಬದಲಾಯಿಸಲು ಮರೆತ ಒಂದೇ ಒಂದು ಹಳೆಯ ಟ್ಯೂಬಿನಡಿಗೆ.

ಮೂರನೆಯ ಮಹಡಿಯ ಹುಡುಗ, ಕಂಕುಳಲ್ಲಿ ಬ್ರೆಡ್ಡು,
ನಿಂತು ಕೇಳಿದ: "ಯಾವ ಹಾಡು, ಅಜ್ಜಿ?"
ಅವಳಿಗೆ ಕಂಡದ್ದು ಅವನ ಬೂಟು ಮಾತ್ರ.
ಸ್ಕ್ರೂ ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿ
ತಲೆಯೆತ್ತದೆ ಅವನ ಅಂಗಿ ಹಿಡಿದು ಹತ್ತಿರ ಎಳೆದಳು:
"ನಿಂತಿದೆ. ನೋಡು."